ಇಪ್ಪತ್ತೇಳನೆಯ ನಂಬರ್

“ಗುರುಗಳೇ, ಹೆಸರಿರುವ ಮನೆಯವರು ನಂಬರ್ ಏಕೆ ಕಟ್ಟಿಕೊಳ್ಳಬೇಕು?”

ಹೀಗೆ ಕೇಳಿದವಳು ಕುಮುದಿನಿ. ಕುದುರೆ ಸವಾರಿ ಕಲಿಸುವ ಗುರುಗಳ ಎದುರಿಗೆ ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಹಿಂದಿನ ದಿನ ಅವಳ ಮೊದಲ ಡ್ರೆಸಾಜ್ ಸ್ಪರ್ಧೆ ಇತ್ತು. ಅದರಲ್ಲಿ ಕುದುರೆಯನ್ನು ಓಡಿಸುವುದಿಲ್ಲ. ತೀರ್ಪುಗಾರರ ಮುಂದೆ ಗೊತ್ತುಮಾಡಿದ ಹಾದಿಯಲ್ಲಿ, ಗೊತ್ತುಮಾಡಿದ ಹೆಜ್ಜೆಯಲ್ಲಿ ನಡೆಸಿ ತೋರಿಸುತ್ತಾರೆ. ಕುಮುದಿನಿ ಏನನ್ನೂ ತೋರಿಸಲಿಲ್ಲ. ಸ್ಪರ್ಧೆಯ ಅಂಗಳದ ಬಾಗಿಲಿನಿಂದಲೇ ಹಿಂದಿರುಗಿದ್ದಳು.

“ನಮ್ಮ ಯಜಮಾನರ ಮನೆತನ ಎಂಥದೆಂದು ತಮಗೆ ಗೊತ್ತು,” ಎಂದಳು. “ಅವರ ಮುತ್ತಾತ ಈ ಊರಿಗೆ ಹೆಣ್ಣುಮಕ್ಕಳ ಶಾಲೆ ಕಟ್ಟಿಸಿದರು. ಅಜ್ಜನ ಕಾಲದಲ್ಲಿ ನಮ್ಮ ಲಾಯ ನೋಡಲೆಂದೇ ಪರಸ್ಥಳದವರು ಬರುತ್ತಿದ್ದರು. ಮಾವನವರು ನ್ಯಾಯಾಧೀಶರಾಗಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಕುಡಿದವರಲ್ಲ. ಅತ್ತೆಯವರು ಈ ಊರಿನ ಮೊಟ್ಟಮೊದಲ ಸ್ಪರ್ಧೆಯಲ್ಲೇ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆದ್ದರು. ಅದು ಈಗಲೂ ನಮ್ಮ ಹಜಾರದ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದೆ. ಪಕ್ಕದಲ್ಲಿ ಒಂದು ತುಂಡು ಬ್ಯಾಂಡೇಜು ಬಟ್ಟೆಯೂ ಇದೆ. ಅತ್ತೆಯವರೇ ಇರಿಸಿದ್ದು. ಅದರ ವಿಷಯ ಅವರು ಬಾಯಿ ಬಿಡುತ್ತಿರಲಿಲ್ಲ. ಕೈಗೆ ಪೆಟ್ಟಾಗಿದ್ದರೂ ಬಟ್ಟೆ ಸುತ್ತಿಕೊಂಡು ಸವಾರಿ ಮಾಡಿದರು ಎಂದು ಮನೆಗೆ ಬಂದವರಿಗೆಲ್ಲ ನಾವು ಹೇಳುತ್ತೇವೆ. ಅಂಥ ಮನೆಯ ಸೊಸೆ ನಾನು.”

ಗುರುಗಳು ತಲೆದೂಗಿದರು.

“ಬಾಗಿಲಲ್ಲಿ ನಿಂತಿದ್ದ ಆ ನರೆಗೂದಲಿನ ಹೆಂಗಸು ಎಲ್ಲರೆದುರು ನನ್ನ ಕುದುರೆಗೆ ಕೈ ಅಡ್ಡ ಹಿಡಿದಳು. ‘ನಿಮ್ಮ ನಂಬರ್ ಎಲ್ಲಿ ತಾಯಿ?’ ಎಂದಳು. ಚೀಲದಲ್ಲಿದೆ, ಕೊರಳಿಗೆ ಚೀಟಿ ಕಟ್ಟಿಸಿಕೊಳ್ಳಲು ನಾವೇನು ಸಂತೆಗೆ ಬಂದ ಹಸುಗಳೇ ಎಂದೆ. ಮನೆಯ ಹೆಸರನ್ನೂ ಹೇಳಿದೆ. ನನ್ನನ್ನೂ ಕುದುರೆಯನ್ನೂ ಒಮ್ಮೆ ನೋಡಿದಳು. ಆಮೇಲೆ, ‘ಆ ಮನೆಯವರಾದರೆ ತಪ್ಪದೆ ಕಟ್ಟಿಕೊಂಡು ಬನ್ನಿ’ ಎಂದಳು. ಈ ಕುಹಕ ನೋಡಿ! ಬಾಗಿಲು ಕಾಯುವವಳಿಗೆ ಮನೆತನದ ಬೆಲೆ ಏನು ಗೊತ್ತು ಎಂದು ನಾನೂ ಅಂದೆ. ಅಷ್ಟರಲ್ಲಿ ನನ್ನ ಸರದಿ ಕಳೆದುಹೋಯಿತು. ನೆಂಟರು ಮುಸಿಮುಸಿ ನಕ್ಕರು. ಅವಳು ನನ್ನ ಕ್ಷಮೆ ಕೇಳಬೇಕು. ತಾವು ಹೇಳಿದರೆ ಕೇಳುತ್ತಾಳೆ.”

“ಒಂದು ಕತೆ ಇದೆ,” ಎಂದರು ಗುರುಗಳು. “ಅದಾದ ಮೇಲೆ ಹೇಳಬೇಕಾದವರಿಗೆ ಹೇಳುತ್ತೇನೆ.”

ಒಬ್ಬ ಗೃಹಿಣಿ ಇದ್ದಳು. ದೊಡ್ಡ ಮನೆಯವಳು. ಸವಾರಿಯನ್ನು ಶ್ರದ್ಧೆಯಿಂದ ಕಲಿತು, ಒಂದು ಕೆಂಚು ಕುದುರೆಯ ಮೇಲೆ ತನ್ನ ಮೊದಲ ಸ್ಪರ್ಧೆಗೆ ಬಂದಳು.

ಸವಾರರಿಗೆಲ್ಲ ಒಂದೇ ನಂಬರಿನ ಎರಡೆರಡು ರಟ್ಟಿನ ಬಿಲ್ಲೆ ಕೊಟ್ಟರು. ಕಡಿವಾಣದ ಎಡಕ್ಕೊಂದು, ಬಲಕ್ಕೊಂದು ಕಟ್ಟಬೇಕು. ಕುದುರೆ ಯಾವ ಕಡೆ ತಿರುಗಿದರೂ ನಂಬರ್ ಕಾಣಬೇಕು. ತೀರ್ಪುಗಾರರ ಮುಂದೆ ಮಾತ್ರವಲ್ಲ, ಅದಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಕುದುರೆಗಳನ್ನು ನಡೆಸಿ ಮೈ ಸಡಿಲಿಸುವ ಅಂಗಳದಲ್ಲಿಯೂ ಕಾಣಬೇಕು. ಏರಿದಾಗಿನಿಂದ ಇಳಿಯುವ ತನಕ ಅದನ್ನು ಬಿಚ್ಚುವಂತಿಲ್ಲ. ಇದು ಅಲ್ಲಿಯ ಕಟ್ಟಳೆ.

ಗೃಹಿಣಿಗೆ ಹದಿನಾಲ್ಕು ಬಂತು. ಕಟ್ಟಿ ನೋಡಿದಳು. ಹರಾಜಿನ ಸಾಮಾನಿನಂತೆ ಕಂಡಿತು. ತೀರ್ಪುಗಾರರ ಮುಂದೆ ಹೋಗುವಾಗ ಕಟ್ಟಿದರಾಯಿತು ಎಂದು ಬಿಚ್ಚಿ, ಬಿಲ್ಲೆಗಳನ್ನು ಮಡಿಸಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಳು. ಕರವಸ್ತ್ರ ತೆಗೆಯುವಾಗ ಕಟ್ಟುವ ದಾರ ಎಲ್ಲೋ ಬಿದ್ದುಹೋಯಿತು. ಆ ಕಾಲದಲ್ಲಿ ಬಾಗಿಲಲ್ಲಿ ನಿಂತು ಕೇಳುವವರು ಯಾರೂ ಇರಲಿಲ್ಲ.

ಅಂಗಳದಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರ ಎಡಗೈ ಇನ್ನೊಬ್ಬರ ಎಡಗೈಯ ಪಕ್ಕ ಹಾಯುವಂತೆ ಹೋಗಬೇಕು. ಗಾಬರಿಯಲ್ಲಿ ಗೃಹಿಣಿ ಅದನ್ನು ಮರೆತಳು. ತಪ್ಪು ಕಡೆಗೆ ತಿರುಗಿ, ಎದುರು ಬಂದ ಒಬ್ಬ ಹುಡುಗಿಗೆ ಅಡ್ಡ ನುಗ್ಗಿದಳು. ಹುಡುಗಿಯ ಕುದುರೆ ಬೆದರಿ ಹಿಂಗಾಲಿನ ಮೇಲೆ ನಿಂತಿತು. ಹುಡುಗಿ ನೆಲಕ್ಕೆ ಬಿದ್ದಳು. ತೋಳು ಮುರಿಯಿತು. ಗೃಹಿಣಿಯ ಕುದುರೆ ಅದೇ ರಭಸದಲ್ಲಿ ಬೇಲಿಯ ತನಕ ಹೋಗಿ ನಿಂತಿತು.

ಕೂಗು ಕೇಳಿ ಇನ್ನೊಬ್ಬ ಸವಾರಳು ಕುದುರೆಯಿಂದ ಧುಮುಕಿ ಓಡಿಬಂದಳು. ಆಸ್ಪತ್ರೆಯ ದಾದಿ. ಅವಳಿಗೂ ಅದು ಮೊದಲ ಸ್ಪರ್ಧೆ. ಬಾಡಿಗೆಯ ಕುದುರೆ, ಅದೂ ಕೆಂಚು. ಅವಳು ಒಂದು ಕೈಯಲ್ಲಿ ಲಗಾಮು ಹಿಡಿದುಕೊಂಡೇ ಹುಡುಗಿಯ ತೋಳನ್ನು ನೋಡುತ್ತಿದ್ದಳು. ಆಗ ಮೇಲ್ವಿಚಾರಕ ಏದುಸಿರು ಬಿಡುತ್ತ ಬಂದ.

“ಅಡ್ಡ ಬಂದವರು ಯಾರು?”

“ಕೆಂಚು ಕುದುರೆ,” ಎಂದರು ಯಾರೋ. “ನಂಬರ್ ಕಾಣಲಿಲ್ಲ.”

ಅವನ ಕಣ್ಣೆದುರಿಗೇ ಒಂದು ಕೆಂಚು ಕುದುರೆ ಇತ್ತು. ಅದರ ಕಡಿವಾಣದಲ್ಲಿ ಇಪ್ಪತ್ತೇಳು ಸ್ಪಷ್ಟವಾಗಿ ಕಾಣುತ್ತಿತ್ತು.

“ನಾನಲ್ಲ ಸಾರ್. ನಾನು ಆಮೇಲೆ ಬಂದವಳು,” ಎಂದಳು ದಾದಿ.

“ನೀವಲ್ಲದಿದ್ದರೆ ಇನ್ನಾರು? ತೋರಿಸಿ ನೋಡೋಣ.”

ದಾದಿ ಸುತ್ತಲೂ ನೋಡಿದಳು. ಅವಳ ಗಮನವೆಲ್ಲ ಬಿದ್ದವಳ ಮೇಲಿತ್ತು. ಬೀಳಿಸಿದವರನ್ನು ಅವಳು ನೋಡಿರಲಿಲ್ಲ.

ಬೇಲಿಯ ಬಳಿ ಗೃಹಿಣಿ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಳು. ನಾನು ಎಂದರೆ ಸಾಕಿತ್ತು. ಮುಂದಿನ ಸಾಲಿನಲ್ಲಿ ಗಂಡ ಕುಳಿತಿದ್ದ. ಅವನ ಸುತ್ತ ಊರಿನ ಹಿರಿಯರಿದ್ದರು. ಅವಳು ಜೇಬಿನ ಮೇಲೆ ಕೈ ಒತ್ತಿ ಹಿಡಿದಳು. ಬೇರೆ ಯಾರಾದರೂ ನೋಡಿರುತ್ತಾರೆ, ಅವರು ಹೇಳುತ್ತಾರೆ ಎಂದುಕೊಂಡಳು. ಯಾರೂ ಹೇಳಲಿಲ್ಲ. ಇಪ್ಪತ್ತೇಳನ್ನು ಸ್ಪರ್ಧೆಯಿಂದ ತೆಗೆದುಹಾಕಿದ್ದೇವೆ ಎಂದು ಮೈಕಿನಲ್ಲಿ ಸಾರಿದರು.

ಸ್ವಲ್ಪ ಹೊತ್ತಿಗೆ ಹದಿನಾಲ್ಕನ್ನು ಕರೆದರು. ಗೃಹಿಣಿ ಕುದುರೆಯಿಂದ ಇಳಿದು ಬಿಲ್ಲೆಗಳನ್ನು ತೆಗೆದಳು. ಜೇಬಿನಲ್ಲಿ ದಾರವಿಲ್ಲ. ನೆಲದಲ್ಲಿ ಹುಡುಕಿದಳು. ಮತ್ತೆ ಜೇಬು ತಡಕಿದಳು. ದಾದಿ ತನ್ನ ಕುದುರೆಯನ್ನು ನಡೆಸಿಕೊಂಡು ಅದೇ ದಾರಿಯಲ್ಲಿ ಹೊರಗೆ ಹೋಗುತ್ತಿದ್ದಳು.

“ಮೊದಲ ಸಲವೇ ಅಮ್ಮಾವರೇ?” ಎಂದು ಕೇಳಿದಳು. “ನನಗೂ ಬೆಳಿಗ್ಗೆ ಹೀಗೇ ಕೈಕಾಲು ಆಡಲಿಲ್ಲ. ದಾರ ಕಿತ್ತುಹೋಗಿ ಬ್ಯಾಂಡೇಜು ಬಟ್ಟೆಯಲ್ಲೇ ಕಟ್ಟಿಕೊಂಡೆ. ತಾಳಿ, ನನಗಿನ್ನು ಇದರ ಕೆಲಸವಿಲ್ಲ.”

ತನ್ನ ಕುದುರೆಯ ಕಡಿವಾಣದಿಂದ ಬಟ್ಟೆಯ ತುಂಡುಗಳನ್ನು ಬಿಚ್ಚಿದಳು.

ಇಲ್ಲಿ ಕುಮುದಿನಿ ತಲೆ ಎತ್ತಿದಳು. ಗುರುಗಳು ಅವಳ ಕಡೆ ನೋಡಲಿಲ್ಲ. ಕತೆ ನಿಲ್ಲಿಸಲೂ ಇಲ್ಲ.

ದಾದಿ ಎಡಗಡೆಯ ಬಿಲ್ಲೆ ಕಟ್ಟಿದಳು. ಬಲಗಡೆಗೆ ಬಂದಳು. ಎರಡನೆಯ ಬಿಲ್ಲೆಯನ್ನು ಕೈಗೆ ತೆಗೆದುಕೊಂಡಾಗ ಅದರ ನಡುವೆ ಮಡಿಕೆಯ ಗೆರೆ ಕಂಡಿತು. ಬಿಲ್ಲೆಯನ್ನು ನೋಡಿದಳು. ಕುದುರೆಯ ಕೆಂಚು ಕತ್ತನ್ನು ನೋಡಿದಳು. ಅವಳ ಬೆರಳುಗಳು ನಿಂತವು.

ಈಗ ಕೂಗುತ್ತಾಳೆ ಎಂದು ಗೃಹಿಣಿ ಕಣ್ಣು ಮುಚ್ಚಿದಳು. ಕೂಗಿದ್ದರೆ ಗೃಹಿಣಿಯೇ ಬದುಕಿಕೊಳ್ಳುತ್ತಿದ್ದಳು.

ದಾದಿ ಗಂಟು ಹಾಕಿ ಮುಗಿಸಿದಳು. “ಗಟ್ಟಿಯಾಗಿದೆ, ಬಿಚ್ಚುವುದಿಲ್ಲ,” ಎಂದಳು. ಮುಖ ನೋಡದೆ ಹೊರಟುಹೋದಳು.

ಗೃಹಿಣಿ ಗೆದ್ದಳು. ಕುದುರೆ ಬಹಳ ಚೆನ್ನಾಗಿ ನಡೆಯಿತು. ಜನ ಚಪ್ಪಾಳೆ ತಟ್ಟುತ್ತಿರುವಾಗ ಅವಳು ಗುಂಪಿನಲ್ಲಿ ದಾದಿಯನ್ನು ಹುಡುಕಿದಳು. ಹೆಸರು ಕೇಳಿಟ್ಟುಕೊಂಡಿರಲಿಲ್ಲ. ಇಪ್ಪತ್ತೇಳು ಎಂಬುದೊಂದೇ ಗೊತ್ತು. ಇಪ್ಪತ್ತೇಳು ಯಾರು ಎಂದು ಕಚೇರಿಯಲ್ಲಿ ಕೇಳಿದ್ದರೆ ಹೇಳುತ್ತಿದ್ದರು. ಏಕೆ ಎಂದು ಅವರು ತಿರುಗಿ ಕೇಳಿದರೆ? ಅವಳು ಕಚೇರಿಯ ಕಡೆ ಹೋಗಲಿಲ್ಲ.

ಮನೆಯಲ್ಲಿ ಪಾಯಸ ಮಾಡಿಸಿದರು. ಬಂದವರೆಲ್ಲ ಹೊಗಳಿದರು. ಆ ರಾತ್ರಿಯೇ ಗಂಡನಿಗೆ ಹೇಳಬೇಕೆಂದಿದ್ದಳು. ಮೊದಲ ದಿನ ಬಾಯಿಗೆ ಬಾರದ ಮಾತು ದಿನ ಕಳೆದಂತೆ ಇನ್ನಷ್ಟು ಒಳಕ್ಕೆ ಹೋಯಿತು. ಹೊಗಳಿಕೆಯ ಮಾತು ಬಂದಾಗಲೆಲ್ಲ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ದೊಡ್ಡವರ ವಿನಯ ನೋಡಿ ಎಂದು ಜನ ಅದನ್ನೂ ಹೊಗಳಿದರು. ಮತ್ತೆ ಅವಳು ಕುದುರೆ ಏರಲಿಲ್ಲ.

ಮುದುಕಿಯಾದ ಮೇಲೆ ಸವಾರಿ ಕಲಿಸುವ ಒಬ್ಬರ ಬಳಿ ಎಲ್ಲವನ್ನೂ ಹೇಳಿಕೊಂಡಳು. ಅವರು ಇಪ್ಪತ್ತೇಳರ ಹೆಸರು, ಬೀದಿ, ಮನೆ ಎಲ್ಲ ತಿಳಿಸಿದರು. ಒಂದು ದಿನ ಒಳ್ಳೆಯ ಸೀರೆ ಉಟ್ಟು, ಹಣ್ಣು ಕೊಂಡು ಹೊರಟಳು. ಆ ಬೀದಿಯ ತಿರುವಿನ ತನಕ ಹೋದಳು. ಏನೆಂದು ಹೇಳಿಕೊಂಡು ಬಾಗಿಲು ತಟ್ಟಲಿ? ಮನೆಯ ಹೆಸರು ಹೇಳಲು ನಾಚಿಕೆಯಾಯಿತು. ಹಿಂದಿರುಗಿ ಬಂದಳು. ಮುಂದಿನ ವರ್ಷ ತೀರಿಕೊಂಡಳು.

ಗುರುಗಳು ಕತೆ ಮುಗಿಸಿದರು.

ಕುಮುದಿನಿಯ ಬೆನ್ನು ಬಾಗಿತ್ತು. ಹಬ್ಬ ಬಂದಾಗಲೆಲ್ಲ ಹಜಾರದ ಆ ಗಾಜನ್ನು ಒರೆಸುತ್ತಿದ್ದವಳು ಅವಳೇ. ಬಟ್ಟೆಯ ತುಂಡಿನಲ್ಲಿ ಒಂದು ಗಂಟು ಇನ್ನೂ ಬಿಚ್ಚದೆ ಉಳಿದಿರುವುದನ್ನು ಎಷ್ಟೋ ಸಲ ಕಂಡಿದ್ದಳು. ಕೈಗೆ ಸುತ್ತಿದ ಗಂಟೆಂದೇ ಅವಳು ಮಕ್ಕಳಿಗೂ ತೋರಿಸಿದ್ದಳು. ನಿನ್ನೆ ಅಷ್ಟು ಜನರ ನಡುವೆ ತಾನು ಮನೆಯ ಹೆಸರನ್ನು ಎಷ್ಟು ಗಟ್ಟಿಯಾಗಿ ಹೇಳಿದ್ದೆನೆಂಬುದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ನೆಲ ನೋಡುತ್ತಲೇ ಕೇಳಿದಳು. “ಆ ದಾದಿ ಏನಾದಳು?”

“ನಿನ್ನೆ ಬಾಗಿಲಲ್ಲಿ ನಿನ್ನ ನಂಬರ್ ಕೇಳಿದವಳೇ ಅವಳು,” ಎಂದರು ಗುರುಗಳು. “ಹೋಗಿ ಕ್ಷಮೆ ಕೇಳು.”