ಇನ್ನೊಬ್ಬಳ ತಂಗಿ

"ಗುರುಗಳೇ, ಹೇಳಲು ಬಾರದ ವಿದ್ಯಾರ್ಥಿಗೆ, ಅವನು ಹೇಳಬೇಕಾದ ಮಾತನ್ನು ನಾನೇ ಕಟ್ಟಿಕೊಡಬಹುದೇ?"

ಕೇಳಿದ ಶಿಷ್ಯ ಪಟ್ಟಣದ ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕ. ಮುಂದಿನ ಓದಿಗಾಗಿ ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳನ್ನು ಸಂಜೆ ಹೊತ್ತು ಕೂಡಿಸಿಕೊಂಡು ತಯಾರು ಮಾಡುತ್ತಿದ್ದ.

"ಲೆಕ್ಕ ಹೇಳಿಕೊಡುವಾಗ ನನಗೆ ಗೊಂದಲವಿಲ್ಲ" ಎಂದ. "ಸರಿಯುತ್ತರ ಒಂದೇ ಇರುತ್ತದೆ. ಆದರೆ ಸಂದರ್ಶನದಲ್ಲಿ 'ನೀನು ಇಲ್ಲಿಗೆ ಯಾಕೆ ಬಂದೆ' ಎಂದು ಕೇಳುತ್ತಾರೆ. ಅದಕ್ಕೆ ಏನು ಹೇಳಬೇಕೆಂದು ಮಕ್ಕಳು ನನ್ನ ಮುಖ ನೋಡುತ್ತಾರೆ. ಕಟ್ಟಿಕೊಟ್ಟರೆ ಸುಳ್ಳು ಹೇಳಿಸಿದಂತೆ. ಕೊಡದಿದ್ದರೆ ಕೈಬಿಟ್ಟಂತೆ. ಯಾವ ಕಡೆ ಕಾಲಿಟ್ಟರೂ ತಪ್ಪೇ ಅನ್ನಿಸುತ್ತದೆ."

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಅವರ ಹತ್ತಿರ ಕಲಿತವರಿಗೆ ಸೀಟು ಸಿಕ್ಕೇ ಸಿಗುತ್ತದೆ ಎಂದು ಸುತ್ತಲಿನ ಊರುಗಳಲ್ಲೆಲ್ಲ ಮಾತಿತ್ತು. ಯಾವ ಪ್ರಶ್ನೆಯನ್ನು ಮೊದಲು ಹಿಡಿಯಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು, ಕೈ ನಡುಗಿದರೆ ಏನು ಮಾಡಬೇಕು, ಎಲ್ಲವನ್ನೂ ಹೇಳಿಕೊಡುತ್ತಿದ್ದರು. ಒಳ್ಳೆಯ ಮನುಷ್ಯ. ಬುದ್ಧಿಯಿರುವ ಮಗು ಕಾಲೇಜಿನ ಬಾಗಿಲವರೆಗೆ ಹೋಗಿ ಅಳುತ್ತಾ ಮರಳುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

ಒಂದು ವರ್ಷ ಅವರ ಬಳಿ ಇಬ್ಬರು ಬಂದರು. ಹಾಲೇಶ ಬಳೆ ಮಾರುವವನ ಮಗ. ಸುಮಂಗಲಾ ಹಿಟ್ಟಿನ ಗಿರಣಿಯವನ ಮಗಳು. ಇಬ್ಬರಿಗೂ ಜಿಲ್ಲಾಕೇಂದ್ರದಲ್ಲಿದ್ದ ಶಿಕ್ಷಕರ ತರಬೇತಿ ಕಾಲೇಜು ಸೇರಬೇಕಾಗಿತ್ತು. ಅಲ್ಲಿ ಸೀಟುಗಳು ಕೆಲವೇ. ಮೊದಲು ಬರವಣಿಗೆಯ ಪರೀಕ್ಷೆ, ಆಮೇಲೆ ಸಂದರ್ಶನ. ಬರವಣಿಗೆಯ ಪರೀಕ್ಷೆಯಲ್ಲಿ ಇಬ್ಬರೂ ಚೆನ್ನಾಗಿ ಪಾಸಾದರು. ಸಂದರ್ಶನ ಉಳಿಯಿತು.

ಮೇಷ್ಟ್ರು ಸುಮಂಗಲಾಳನ್ನು ಎದುರಿಗೆ ಕೂರಿಸಿಕೊಂಡು, "ನೀನು ಯಾಕೆ ಶಿಕ್ಷಕಿಯಾಗಬೇಕು?" ಎಂದು ಕೇಳಿದರು.

ಅವಳಿಗೊಬ್ಬಳು ತಂಗಿ. ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಊರಿನ ಶಾಲೆಯಲ್ಲಿ ಸೇರಿಸಿಕೊಂಡಿರಲಿಲ್ಲ. ಗಿರಣಿಯ ನೆಲ ಗುಡಿಸಿದ ಹಿಟ್ಟನ್ನು ಮೊರದಲ್ಲಿ ಹರಡಿ, ಸುಮಂಗಲಾ ಅವಳಿಗೆ ಬೆರಳಿನಿಂದ ಬರೆಯಲು ಕಲಿಸಿದ್ದಳು. ಒಂದು ದಿನ ಆ ಮಗು ತಾನಾಗಿ ಬಂದು ಅಕ್ಕನ ಸೆರಗು ಎಳೆದು, ಹಿಟ್ಟಿನಲ್ಲಿ 'ಬೆಲ್ಲ' ಎಂದು ಬರೆದು, ಕೈಚಾಚಿ ನಿಂತಿತ್ತು. ಸುಮಂಗಲಾಳಿಗೆ ಶಿಕ್ಷಕಿಯಾಗಬೇಕೆಂದು ಅನ್ನಿಸಿದ್ದು ಅಂದು.

ಆದರೆ ಅವಳಿಗೆ ಇದನ್ನು ಹೇಳಲು ಬರುತ್ತಿರಲಿಲ್ಲ. ಗಿರಣಿಯಿಂದ ಶುರುಮಾಡುತ್ತಿದ್ದಳು. ಅಲ್ಲಿಂದ ಅವ್ವ ಬೈದದ್ದಕ್ಕೆ ಹೋಗುತ್ತಿದ್ದಳು. ನಡುವೆ ನಕ್ಕುಬಿಡುತ್ತಿದ್ದಳು. ಬೆಲ್ಲದ ಹತ್ತಿರ ಬಂದಾಗ ಮುಂದೆ ಹೋಗಲಾಗದೆ ನಿಂತುಬಿಡುತ್ತಿದ್ದಳು. ಮೇಷ್ಟ್ರು ಮತ್ತೆ ಕೇಳಿದರು. ಅವಳು ಮತ್ತೆ ಹಾಗೇ ಹೇಳಿದಳು. ಹೊರಗೆ ಬೇರೆ ಮಕ್ಕಳು ಕಾಯುತ್ತಿದ್ದರು.

"ಇದು ಬೇಡಮ್ಮ" ಎಂದರು ಮೇಷ್ಟ್ರು. "ಅಲ್ಲಿ ಇಷ್ಟೆಲ್ಲ ಕೇಳಲು ಅವರಿಗೆ ಪುರಸೊತ್ತು ಇರುವುದಿಲ್ಲ. ಶಿಕ್ಷಕರು ನಾಡನ್ನು ಕಟ್ಟುವವರು, ನನಗೂ ಆ ಸೇವೆಯಲ್ಲಿ ಪಾಲು ಬೇಕು ಎಂದು ಹೇಳು. ತಡವರಿಸದೆ ಹೇಳಬಹುದು."

ಅವಳು ತಲೆಯಾಡಿಸಿದಳು. ಮನೆಗೆ ಹೋಗಿ ಬಾಯಿಪಾಠ ಮಾಡಿದಳು.

ಮರುದಿನ ಹಾಲೇಶ ಬಂದ. ಅವನದು ಬೇರೆ ತೊಂದರೆ. ಅವನ ಮಾತು ಹರಿಯುವ ನೀರಿನಂತಿತ್ತು, ಆದರೆ ಹೇಳಲು ಏನೂ ಇರಲಿಲ್ಲ. ಯಾಕೆ ಶಿಕ್ಷಕನಾಗಬೇಕು ಎಂದರೆ, "ಗೊತ್ತಿಲ್ಲ ಸರ್. ಪರೀಕ್ಷೆ ಇತ್ತು, ಬರೆದೆ. ಪಾಸಾದೆ" ಎಂದ. ಮೇಷ್ಟ್ರು ಒಂದೆರಡು ಉತ್ತರ ಕಟ್ಟಿಕೊಟ್ಟರು. ಯಾವುದೂ ಅವನ ಬಾಯಲ್ಲಿ ನಿಜವೆನಿಸಲಿಲ್ಲ. ಕೊನೆಗೆ ಮೇಷ್ಟ್ರಿಗೆ ಹಿಂದಿನ ದಿನದ್ದು ನೆನಪಾಯಿತು. ಅವಳು ಹೇಗೂ ಬಿಟ್ಟದ್ದು, ಇವನಿಗಾದರೂ ಆಗಲಿ ಎಂದುಕೊಂಡರು.

"ನಿನಗೊಬ್ಬಳು ತಂಗಿ ಇದ್ದಾಳೆ ಅಂದುಕೋ. ಅವಳಿಗೆ ಕಿವಿ ಕೇಳುವುದಿಲ್ಲ."

"ಸರ್, ನನಗೆ ತಂಗಿಯೇ ಇಲ್ಲ."

"ಯಾರೂ ನಿಮ್ಮ ಮನೆಗೆ ಬಂದು ತಲೆ ಎಣಿಸುವುದಿಲ್ಲ. ಹೇಳು."

ಹಾಲೇಶ ಹೇಳಿದ. ಒಂದೇ ಸಲಕ್ಕೆ ಚೆನ್ನಾಗಿ ಬಂತು. ಬೆಲ್ಲದ ಮಾತಿಗೆ ಬಂದಾಗ ಮೇಷ್ಟ್ರ ಕಣ್ಣೇ ಒದ್ದೆಯಾಯಿತು. ಅದು ಯಾರ ತಂಗಿ ಎಂದು ಅವನು ಕೇಳಲಿಲ್ಲ. ಮೇಷ್ಟ್ರು ಕಲ್ಪಿಸಿ ಹೇಳಿದ್ದೆಂದೇ ತಿಳಿದ.

ಸಂದರ್ಶನದ ದಿನ ಮೇಷ್ಟ್ರು ಇಬ್ಬರನ್ನೂ ತಾವೇ ಕರೆದುಕೊಂಡು ಹೋದರು. ಮೊದಲು ಹಾಲೇಶನನ್ನು ಕರೆದರು. ಒಳಗೆ ಮೂವರು ಕುಳಿತಿದ್ದರು. ಅವನು ಕಲಿತದ್ದನ್ನು ಹೇಳಿದ. ನಡುವೆ ಕುಳಿತಿದ್ದ ಹೆಂಗಸು, "ಈಗ ನಿನ್ನ ತಂಗಿ ಏನು ಮಾಡುತ್ತಿದ್ದಾಳಪ್ಪ?" ಎಂದು ಕೇಳಿದರು. ಅದನ್ನು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಹಾಲೇಶನ ಬಾಯಿಂದ ತಾನಾಗಿ ಬಂತು: "ನಾನು ಏನು ಕಲಿತು ಬರುತ್ತೇನೋ ಎಂದು ಕಾಯುತ್ತಿದ್ದಾಳೆ." ಹೇಳಿದ ಮೇಲೆ ಅವನಿಗೇ ಎದೆ ಭಾರವಾಯಿತು. ಇಲ್ಲದ ತಂಗಿಗಾಗಿ ಹೀಗೇಕಾಯಿತು ಎಂದು ಅವನಿಗೆ ತಿಳಿಯಲಿಲ್ಲ.

ಆಮೇಲೆ ಸುಮಂಗಲಾ ಒಳಗೆ ಹೋದಳು. ಬಾಯಿಪಾಠವನ್ನು ತಡವರಿಸದೆ ಹೇಳಿದಳು. ಆ ಹೆಂಗಸು ನಗುತ್ತಾ, "ಇದು ಎಲ್ಲರೂ ಹೇಳುವ ಮಾತು. ನಿನ್ನದೇ ಒಂದು ಕಾರಣ ಇರಬೇಕಲ್ಲ, ಅದನ್ನು ಹೇಳಮ್ಮ" ಎಂದರು. ಸುಮಂಗಲಾ ಧೈರ್ಯ ಮಾಡಿದಳು.

"ನನಗೊಬ್ಬಳು ತಂಗಿ ಇದ್ದಾಳೆ, ಮೇಡಂ. ಅವಳಿಗೆ ಕಿವಿ ಕೇಳುವುದಿಲ್ಲ. ಮೊರದಲ್ಲಿ ಹಿಟ್ಟು..."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸಿನ ನಗು ಹೋಯಿತು. "ಸಾಕಮ್ಮ" ಎಂದರು. "ಇದನ್ನು ಈಗ ತಾನೇ ಕೇಳಿದೆವು. ಬೆಲ್ಲದವರೆಗೂ ಗೊತ್ತು. ನಿಮಗೆಲ್ಲ ಯಾರು ಹೇಳಿಕೊಡುತ್ತಾರೆ ಇದನ್ನು?"

ಸುಮಂಗಲಾಳಿಗೆ ಏನೂ ಅರ್ಥವಾಗಲಿಲ್ಲ. ತನ್ನ ಮನೆಯ ಮೊರ, ತನ್ನ ಮನೆಯ ಬೆಲ್ಲ ಈ ಅಪರಿಚಿತರಿಗೆ ಹೇಗೆ ಗೊತ್ತಾಯಿತು? ಅದನ್ನೇ ಕೇಳಬೇಕೆಂದು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಸುಮ್ಮನೆ ನಿಂತದ್ದನ್ನು ಅವರು ತಪ್ಪೊಪ್ಪಿಗೆ ಎಂದು ತಿಳಿದರು.

ಸಂಜೆ ಫಲಿತಾಂಶ ಹೇಳಿದರು. ಹಾಲೇಶನಿಗೆ ಸೀಟು ಸಿಕ್ಕಿತು. ಸುಮಂಗಲಾಳಿಗೆ ಸಿಗಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಹಾಲೇಶನಿಗೆ ಸಂತೋಷ ತಡೆಯಲಾಗಲಿಲ್ಲ. ತಾನು ಏನು ಹೇಳಿದೆ, ಅವರು ಹೇಗೆ ಕೇಳಿದರು ಎಂದು ಮೊದಲಿನಿಂದ ಹೇಳತೊಡಗಿದ. ಸುಮಂಗಲಾ ಕಿಟಕಿಯ ಕಡೆಗಿದ್ದ ಮುಖವನ್ನು ಈಚೆ ತಿರುಗಿಸಿದಳು. ಕೊನೆಯವರೆಗೂ ಕೇಳಿದಳು. ಆಮೇಲೆ ಮೇಷ್ಟ್ರನ್ನು ನೋಡಿ ಹೇಳಿದಳು:

"ಸರ್, ಅದು ನನ್ನ ತಂಗಿ."

ಮೇಷ್ಟ್ರು, "ನಿನಗೆ ಹೇಳಲು ಬರಲಿಲ್ಲವಲ್ಲಮ್ಮ" ಎಂದರು. ಅಂದ ಮೇಲೆ, ಅನ್ನಬಾರದಾಗಿತ್ತು ಎಂದು ಅವರಿಗೇ ಅನ್ನಿಸಿತು.

ಹಾಲೇಶ ಬಸ್ಸು ನಿಲ್ಲಿಸಿ ಎಂದ. ಹಿಂದಕ್ಕೆ ಹೋಗಿ ನಿಜ ಹೇಳೋಣ ಎಂದ. ಮೇಷ್ಟ್ರು ಅವನ ತೋಳು ಹಿಡಿದು ಕೂರಿಸಿದರು. "ಹೇಳಿದರೆ ನಿನ್ನನ್ನು ಕಳಿಸುತ್ತಾರೆ. ಇವಳನ್ನು ಕರೆಯುತ್ತಾರೆಂದು ಯಾರು ಹೇಳಬಲ್ಲರು? ಆ ಸೀಟು ಮೂರನೆಯವರ ಪಾಲಾಗುತ್ತದೆ." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ತಮ್ಮ ಹೆಸರು ಕೆಡುತ್ತದೆ ಎಂಬ ಭಯವೂ ಒಳಗಿತ್ತು. ಎರಡರಲ್ಲಿ ಯಾವುದು ತಮ್ಮಿಂದ ಆ ಮಾತು ಆಡಿಸಿತು ಎಂದು ಅವರಿಗೆ ತಿಳಿಯಲಿಲ್ಲ. ಬೆಳಗಾದ ಮೇಲೆ ತಾವೊಬ್ಬರೇ ಹೋಗಿ ಹೇಳಿಬರಬೇಕೆಂದುಕೊಂಡರು. ಬೆಳಗಾಯಿತು. ಹೋಗಲಿಲ್ಲ.

ಹಾಲೇಶ ಕಾಲೇಜು ಸೇರಿದ. ಪಕ್ಕದ ಆವರಣದಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದಿತ್ತು. ನಿನಗೆ ಇಂಥ ತಂಗಿ ಇದ್ದಾಳಲ್ಲ, ನಿನಗೆ ತಿಳಿದಿರುತ್ತದೆ ಎಂದು ಅವನನ್ನು ಅಲ್ಲಿಗೆ ಕಳಿಸಿದರು. ಅವನಿಗೆ ಏನೂ ತಿಳಿದಿರಲಿಲ್ಲ. ಸಿಕ್ಕಿಬೀಳುವ ಭಯಕ್ಕೆ ಆ ಮಕ್ಕಳ ಜೊತೆ ಕುಳಿತು ಕೈಸನ್ನೆಯ ಮಾತು ಕಲಿತ. ಭಯಕ್ಕೆ ಕಲಿತದ್ದು ಬರಬರುತ್ತಾ ಪ್ರೀತಿಯಾಯಿತು. ಯಾವಾಗ ಆಯಿತು ಎಂದು ಅವನಿಗೂ ಗೊತ್ತಾಗಲಿಲ್ಲ.

ಮೊದಲ ರಜೆಯಲ್ಲಿ ಊರಿಗೆ ಬಂದವನು ನೇರ ಗಿರಣಿಗೆ ಹೋದ. ಸುಮಂಗಲಾ ಹಿಟ್ಟು ತೂಗುತ್ತಿದ್ದಳು.

"ನಿನ್ನ ಜಾಗದಲ್ಲಿ ನಾನು ಕುಳಿತಿದ್ದೇನೆ" ಎಂದ. "ಅಲ್ಲಿ ಕಲಿತದ್ದನ್ನು ನಿನ್ನ ತಂಗಿಗೆ ಕಲಿಸಲು ಬಿಡುತ್ತೀಯಾ?"

ಸುಮಂಗಲಾ ತೂಗುವುದನ್ನು ಮುಗಿಸಿದಳು. ಆಮೇಲೆ, "ನನ್ನನ್ನೇನು ಕೇಳುತ್ತೀ? ಅವಳನ್ನು ಕೇಳು" ಎಂದು ತಂಗಿಯನ್ನು ಕರೆದಳು. ಹಾಲೇಶ ಕೈಯಲ್ಲಿ ಏನೋ ಹೇಳಿದ. ಆ ಮಗು ಕಣ್ಣರಳಿಸಿ ನೋಡಿತು. ತನ್ನ ಕೈಗಳನ್ನು ನೋಡಿಕೊಂಡಿತು. ನಕ್ಕಿತು.

ಅಂದಿನಿಂದ ಪ್ರತಿ ರಜೆಯಲ್ಲೂ ಅವನು ಬಂದು ಕಲಿಸಿದ. ಓದು ಮುಗಿದ ಮೇಲೆ ಆ ಶಾಲೆಯಲ್ಲೇ ಶಿಕ್ಷಕನಾದ. ತಂಗಿಯನ್ನು ಅಲ್ಲಿ ಸೇರಿಸಿಕೊಂಡ. ಅವಳು ಚೆನ್ನಾಗಿ ಓದಿದಳು. ಬೆಳೆದು, ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವವಳಾದಳು.

ಸುಮಂಗಲಾ ಗಿರಣಿಯಲ್ಲೇ ಉಳಿದಳು. ಮರುವರ್ಷ ಮತ್ತೆ ಪರೀಕ್ಷೆ ಬರೆ ಎಂದು ಮೇಷ್ಟ್ರು ಹೇಳಿಕಳಿಸಿದ್ದರು. "ಒಳಗೆ ಅವರೇ ಕುಳಿತಿರುತ್ತಾರೆ. ಯಾಕೆ ಬಂದೆ ಎಂದರೆ ಈ ಸಲ ಏನು ಹೇಳಲಿ?" ಎಂದು ಅವಳು ತಿರುಗಿ ಕೇಳಿಕಳಿಸಿದಳು. ಮೇಷ್ಟ್ರು ಮತ್ತೆ ಹೇಳಿಕಳಿಸಲಿಲ್ಲ.

ವರ್ಷಗಳು ಹೋದವು. ಆ ಶಾಲೆಯ ವಾರ್ಷಿಕೋತ್ಸವಕ್ಕೆ ಹಾಲೇಶ ಮೇಷ್ಟ್ರನ್ನು ಕರೆಸಿದ. ವೇದಿಕೆಯ ಮೇಲೆ ನಿಂತು, ಪಕ್ಕದಲ್ಲಿದ್ದ ಹುಡುಗಿಯನ್ನು ತೋರಿಸಿ, "ನನ್ನನ್ನು ಶಿಕ್ಷಕನನ್ನಾಗಿ ಮಾಡಿದವಳು ಈ ನನ್ನ ತಂಗಿ" ಎಂದ. ಅವನ ದನಿ ನಡುಗಿತು. ಅದರಲ್ಲಿ ನಟನೆ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಿರುಗಿ ನೋಡಿದರು. ಹಿಂದಿನ ಸಾಲಿನಲ್ಲಿ ಸುಮಂಗಲಾ ಕುಳಿತಿದ್ದಳು. ಅವಳೂ ಚಪ್ಪಾಳೆ ತಟ್ಟುತ್ತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಅವಳ ಹತ್ತಿರ ಹೋದರು. "ಅಮ್ಮಾ, ಅವತ್ತು ನಾನು ಮಾಡಿದ್ದು ಒಳ್ಳೆಯದಾಯಿತೋ, ಕೆಟ್ಟದ್ದಾಯಿತೋ? ಇಷ್ಟು ವರ್ಷವಾದರೂ ನನಗೆ ತಿಳಿಯುತ್ತಿಲ್ಲ."

ಸುಮಂಗಲಾ ಯೋಚಿಸಿದಳು. ಅವರನ್ನು ನೋಯಿಸಬೇಕೆಂಬ ಆಸೆ ಅವಳಿಗಿರಲಿಲ್ಲ.

"ನನಗೂ ತಿಳಿದಿಲ್ಲ ಸರ್" ಎಂದಳು. "ತಂಗಿಯ ಮುಖ ನೋಡಿದರೆ ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಕನ್ನಡಿ ನೋಡಿಕೊಂಡಾಗ ಹಾಗನ್ನಿಸುವುದಿಲ್ಲ."

ಅಷ್ಟು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಗೊಂದಲ ಮೊದಲಿಗಿಂತ ಹೆಚ್ಚಾಗಿತ್ತು.

"ಗುರುಗಳೇ, ಆ ಸುಳ್ಳಿಲ್ಲದಿದ್ದರೆ ಹಾಲೇಶ ಆ ಮಕ್ಕಳ ಬಳಿಗೆ ಹೋಗುತ್ತಿರಲಿಲ್ಲ. ತಂಗಿಗೂ ಶಾಲೆ ಸಿಗುತ್ತಿರಲಿಲ್ಲವೇನೋ. ಆದರೆ ನಿಜ ಹೇಳಿದವಳು ಸುಳ್ಳಿಯಾಗಿ ಹೊರಗೆ ಬಂದಳು. ನಾನು ಇದರಲ್ಲಿ ಯಾವುದನ್ನು ಹಿಡಿಯಲಿ? ಮಕ್ಕಳಿಗೆ ಮಾತು ಕಟ್ಟಿಕೊಡಲೋ, ಬೇಡವೋ?"

ಗುರುಗಳು ಅವನನ್ನು ನೋಡಿ ಹೇಳಿದರು:

"ಮಾತೇ ಬಾರದ ತಂಗಿಗೆ ಇಬ್ಬರು ಗುರುಗಳು ಸಿಕ್ಕರು; ಮಾತು ತಡವರಿಸುತ್ತಿದ್ದ ಅಕ್ಕನಿಗೆ ಯಾರು ಸಿಕ್ಕರು, ಹೇಳು."