ಹೊಸ ಅರಮನೆಯ ಹೊಗೆಗೂಡು

"ಹೊಸ ಅರಮನೆಯೊಳಗೆ ಒಂದು ಹನಿ ಮಳೆನೀರು ಇಳಿಯಬೇಕಾದರೂ ನನ್ನನ್ನು ಕೇಳಿಯೇ ಇಳಿಯಬೇಕು," ಎಂದು ಕಟ್ಟಡದ ಅಧಿಕಾರಿ ಉದ್ದಂಡಯ್ಯ ಸಭೆಯಲ್ಲಿ ಎದೆ ತಟ್ಟಿಕೊಂಡಿದ್ದ.

ಗೃಹಪ್ರವೇಶವಾಗಿ ಒಂಬತ್ತನೇ ದಿನಕ್ಕೆ ಮಳೆ ಹಿಡಿಯಿತು. ಅದು ಉದ್ದಂಡಯ್ಯನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಹೊಗೆಗೂಡಿನ ಪಕ್ಕದಿಂದ ಸೋರಿ, ಅಡುಗೆಯ ಗಂಗವ್ವನ ಒಲೆ ಆರಿಸಿ, ದೊರೆಯ ಸಾರಿಗೂ ಬಿತ್ತು.

ನೀರಾದ ಸಾರನ್ನು ಒಂದು ಗುಟುಕು ಕುಡಿದು ದೊರೆ ಸರ್ಜಪ್ಪ ನಾಯಕ ಅಧಿಕಾರಿಯನ್ನು ಕರೆಸಿದ.

"ಇದು ಮಳೆಯಲ್ಲ ಮಹಾಪ್ರಭು, ಆವಿ," ಎಂದ ಉದ್ದಂಡಯ್ಯ, ರೆಪ್ಪೆ ಕೂಡ ಅಲ್ಲಾಡಿಸದೆ. "ಅಡುಗೆಯವಳು ಹದವಿಲ್ಲದೆ ಬೇಯಿಸುತ್ತಾಳೆ. ಆವಿ ಹೆಂಚಿಗೆ ತಾಗಿ ನೀರಾಗಿ ಬೀಳುತ್ತದೆ. ನನ್ನ ಕಟ್ಟಡ ಗಟ್ಟಿಯಾಗಿದೆ, ಇವಳನ್ನು ಬದಲಾಯಿಸಿದರೆ ಸಾಕು."

ದೊರೆಗೆ ಹೊಸ ಅರಮನೆಯ ಮೇಲಿನ ಮೋಹ ಇನ್ನೂ ಇಳಿದಿರಲಿಲ್ಲ. "ನಾಳೆಯಿಂದ ಆವಿ ಏಳದಂತೆ ಅಡುಗೆ ಮಾಡು. ಆಗದಿದ್ದರೆ ಗಂಟುಮೂಟೆ ಕಟ್ಟು," ಎಂದುಬಿಟ್ಟ.

ಈ ದೊರೆ ಅಂಬೆಗಾಲಿಡುತ್ತಿದ್ದಾಗ ತುಪ್ಪ ಕಲಸಿ ತುತ್ತು ಕೊಟ್ಟವಳು ಗಂಗವ್ವ. ಅವಳಿಗೆ ದುಃಖ ಉಕ್ಕಿ ಬಂತು. ನೆಟ್ಟಗೆ ಹೋಗಿ ಕೇತಪ್ಪನ ಮುಂದೆ ನಿಂತಳು. ದೊರೆಯನ್ನು ನಗಿಸುವುದು ಕೇತಪ್ಪನ ಕೆಲಸ. ಅವನು ಬಾಯಿ ತೆರೆದರೆ ಅಧಿಕಾರಿಗಳು ಬೇರೆ ಬಾಗಿಲು ಹುಡುಕುತ್ತಿದ್ದರು.

"ಆವಿ ಇಲ್ದೆ ಅನ್ನ ಹೆಂಗೆ ಬೇಯ್ತದೆ ಬುದ್ಧಿ? ಈ ವಯಸ್ಸಲ್ಲಿ ಇನ್ಯಾರ ಮನೆ ಒಲೆ ಮುಂದೆ ಹೋಗಿ ಕೂರ್ಲಿ?"

ಕೇತಪ್ಪ ಏಣಿ ಹಾಕಿಸಿ ಮಾಡು ಹತ್ತಿದ. ನೆನೆಯುತ್ತಲೇ ಹೊಗೆಗೂಡಿನ ಬುಡವನ್ನು ಸುತ್ತಲೂ ತಡವಿ ನೋಡಿದ. ಇಳಿದು ಬಂದಾಗ ನಗುತ್ತಿದ್ದ.

"ದೊರೆ ಅಪ್ಪಣೆ ಮೀರೋದು ಬೇಡ ಗಂಗವ್ವ. ನಾಳೆ ಒಲೆನೇ ಹಚ್ಚಬೇಡ. ಊಟ ಅಡುಗೆಮನೇಲೇ ಬಡಿಸು. ಉದ್ದಂಡಯ್ಯನವರ ಎಲೆ ಮಾತ್ರ ಹೊಗೆಗೂಡಿನ ಕೆಳಗೇ ಇರಲಿ."

ಮರುದಿನವೂ ಮಳೆ ಬಿಡಲಿಲ್ಲ. ದೊರೆಯ ಎಲೆಗೆ ನೆನೆಸಿದ ಅವಲಕ್ಕಿ, ಕೋಸಂಬರಿ, ತಣ್ಣನೆಯ ಮಜ್ಜಿಗೆ ಬಿದ್ದವು. ದೊರೆಯ ಮುಖ ಸಪ್ಪಗಾಯಿತು.

"ಬಿಸಿ ಅನ್ನ ಎಲ್ಲಿ?"

"ಅದರಲ್ಲಿ ಆವಿ ಇರುತ್ತದಲ್ಲ ಪ್ರಭು," ಎಂದ ಕೇತಪ್ಪ.

ಅಷ್ಟರಲ್ಲಿ ಉದ್ದಂಡಯ್ಯನ ರುಮಾಲಿನ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ಅವನು ಮೆಲ್ಲಗೆ ಶಲ್ಯ ಎಳೆದು ತಲೆಗೆ ಹೊದ್ದುಕೊಂಡ.

"ಒಲೆ ತಣ್ಣಗಿದೆ. ಈ ಆವಿ ಯಾವುದು ಸ್ವಾಮಿ?" ಎಂದು ಕೇತಪ್ಪ ವಿನಯದಿಂದ ಕೇಳಿದ.

"ನಿನ್ನೆಯದು," ಎಂದ ಉದ್ದಂಡಯ್ಯ. "ಹೆಂಚಿಗೆ ಅಂಟಿಕೊಂಡಿದೆ. ಪೂರಾ ಇಳಿಯಲು ಎಂಟು ದಿನ ಬೇಕು."

"ಸರಿ. ಗಂಗವ್ವ, ದೊರೆಗಳಿಗೆ ಎಂಟು ದಿನಕ್ಕಾಗುವಷ್ಟು ಅವಲಕ್ಕಿ ನೆನೆಹಾಕು."

ದೊರೆ ಕೈ ಕೊಡವಿ ಎದ್ದ. "ಕೇತಪ್ಪ, ನಿನ್ನೆ ನೀನು ಮಾಡು ಹತ್ತಿದ್ದೆಯಂತೆ. ಮೇಲೆ ಏನು ನೋಡಿದೆ, ಹೇಳು."

"ಹೊಗೆಗೂಡಿನ ಬುಡಕ್ಕೆ ತಾಮ್ರದ ತಗಡು ಸುತ್ತಿದ್ದಾರೆ ಪ್ರಭು. ಅದರ ಮೇಲಂಚು ಹೆಂಚಿನಡಿಗೆ ಹೋಗಬೇಕಿತ್ತು, ಆಗ ನೀರು ತಗಡಿನ ಮೇಲೆ ಹರಿದುಹೋಗುತ್ತಿತ್ತು. ಇವರು ಹೆಂಚಿನ ಮೇಲೆ ಹೊದಿಸಿದ್ದಾರೆ. ನೀರು ತಗಡಿನಡಿ ನುಗ್ಗುತ್ತಿದೆ."

"ಆ ಅಂಚಿನಲ್ಲಿ ದೊರೆಗಳ ಸಿಂಹಲಾಂಛನ ಕೆತ್ತಿಸಿದ್ದೇನೆ," ಎಂದು ಉದ್ದಂಡಯ್ಯ ದನಿ ಏರಿಸಿದ. "ಸಿಂಹದ ತಲೆಯ ಮೇಲೆ ಹೆಂಚು ಹೇರುವುದು ರಾಜದ್ರೋಹ."

ದೊರೆಯ ಹುಬ್ಬು ಗಂಟಿಕ್ಕಿತು. "ನನ್ನ ಸಿಂಹದ ಮೇಲೆ ಹೆಂಚೇ?"

ತನ್ನ ಕತೆ ಮುಗಿಯಿತು ಎಂದುಕೊಂಡು ಗಂಗವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

ಕೇತಪ್ಪ ಕೈ ಮುಗಿದ. "ಎಲ್ಲಾದರೂ ಉಂಟೇ ಪ್ರಭು? ಮಳೆಗೂ ಅದೇ ಭಯ. ನಿಮ್ಮ ಸಿಂಹವನ್ನು ತುಳಿದು ಹೋಗುವ ಧೈರ್ಯ ಅದಕ್ಕಿಲ್ಲ. ಅದಕ್ಕೇ ತಲೆ ತಗ್ಗಿಸಿ, ಸಿಂಹದ ಕಾಲಡಿ ನುಸುಳಿ, ನೆಟ್ಟಗೆ ನಿಮ್ಮ ಸಾರಿಗೆ ಬಂದು ಸಾಷ್ಟಾಂಗ ಬೀಳುತ್ತಿದೆ. ಇಷ್ಟು ವಿಧೇಯ ಪ್ರಜೆಯನ್ನು ಬೇಡ ಎನ್ನುವುದು ಹೇಗೆ? ಒಲೆಯೊಂದು ಇಲ್ಲದಿದ್ದರೆ ಏನಂತೆ, ಮರ್ಯಾದೆ ಇದೆಯಲ್ಲ."

ದೊರೆಯ ಹುಬ್ಬಿನ ಗಂಟು ಸಡಿಲವಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಕೈಬಳೆ ತೆಗೆದು ಕೇತಪ್ಪನ ಕೈಗೆ ಹಾಕಿದ.

"ಉದ್ದಂಡಯ್ಯ, ಏಣಿ ಅಲ್ಲೇ ಇದೆ. ಈಗಲೇ ಹತ್ತಿ ಸಿಂಹವನ್ನು ಹೆಂಚಿನಡಿ ಮಲಗಿಸು. ಅದು ಮೇಲೆ ಕೂತರೆ ನನ್ನ ಹೊಟ್ಟೆ ತುಂಬುವುದಿಲ್ಲ."

ಮತ್ತೆ ಗಂಗವ್ವನ ಕಡೆ ತಿರುಗಿದ. ಹಸಿದಿದ್ದ ದೊರೆಯ ದನಿ ಮೆತ್ತಗಾಯಿತು.

"ಒಲೆ ಹಚ್ಚವ್ವ."