ಮೂರನೇ ಐತವಾರದ ಲೇಯವ್ವ

ಬಹಳ ಹಿಂದಿನ ಮಾತು. ಆಗ ಚರ್ಚಿಗೆ ಹೆಂಚು ಇರಲಿಲ್ಲ, ಹುಲ್ಲಿನ ಸೂರು. ಬೆಂಚುಗಳೂ ಇರಲಿಲ್ಲ, ನೆಲದ ಮೇಲೆ ಚಾಪೆ. ಆ ಕಾಲದಲ್ಲಿ ಬಯಲುಸೀಮೆಯ ಒಂದು ಊರಿನಲ್ಲಿ ಲೇಯವ್ವ ಎಂಬ ಹೆಂಗಸು ಇದ್ದಳಂತೆ. ಒಂದು ಊರು ಎಂದೆನಲ್ಲ, ಆ ಊರು ಇದೇ. ಆದರೆ ಕತೆಯನ್ನು ಹೀಗೆ ದೂರದಿಂದ ಶುರು ಮಾಡಬೇಕು. ಇಲ್ಲದಿದ್ದರೆ ಅವರು ನಮ್ಮ ಮುತ್ತಜ್ಜ, ಇವರು ನಿಮ್ಮ ಮುತ್ತಜ್ಜಿ ಎಂದು ನೀವು ನಡುವೆ ಬಾಯಿ ಹಾಕುತ್ತೀರಿ. ಆರಾಧನೆ ಮುಗಿದಿದೆ, ಊಟಕ್ಕೆ ಇನ್ನೂ ಹೊತ್ತಿದೆ, ಸುಮ್ಮನೆ ಕೂತು ಕೇಳಿ.

ಚರ್ಚಿನ ಹಿಂದೆ ಅನಾಥ ಮಕ್ಕಳ ಮನೆ ಇತ್ತು. ಬರ ಬಿದ್ದ ವರ್ಷ ಎತ್ತಿನ ಗಾಡಿಗಳು ಹಳ್ಳಿಹಳ್ಳಿಯಿಂದ ಮಕ್ಕಳನ್ನು ತಂದು ಅದರ ಬಾಗಿಲಿಗೆ ಇಳಿಸುತ್ತಿದ್ದವಂತೆ. ಆ ಮಕ್ಕಳನ್ನೆಲ್ಲ ಸಾಕಿದವಳು ಲೇಯವ್ವ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ತವರಿನವರೆಲ್ಲ ವಾಂತಿಭೇದಿಯಲ್ಲಿ ಒಂದೇ ವಾರದಲ್ಲಿ ಹೋಗಿ, ಅವಳೊಬ್ಬಳೇ ಉಳಿದು ಇಲ್ಲಿಗೆ ಬಂದವಳು. ಎಷ್ಟು ಮಕ್ಕಳನ್ನು ಸಾಕಿದಳು ಎಂದು ಕೇಳಬೇಡಿ. ನಮ್ಮಜ್ಜಿ ಹೇಳುವಾಗ ನಲವತ್ತು ಇದ್ದದ್ದು ನಮ್ಮವ್ವನ ಕಾಲಕ್ಕೆ ಅರವತ್ತಾಯಿತು, ಈಗ ಇದೇ ಕತೆ ಹೇಳುವ ನಮ್ಮ ಯೋವಾನಪ್ಪ ನೂರರ ಕೆಳಗೆ ಇಳಿಯುವುದೇ ಇಲ್ಲ. ಕೂಸಿನ ನೆತ್ತಿ ಮೂಸಿ ನೋಡಿ ಅದು ಯಾವ ಊರ ನೀರು ಕುಡಿದಿದೆ ಎಂದು ಹೇಳುತ್ತಿದ್ದಳಂತೆ. ಹೆರದಿದ್ದರೂ ಅವಳ ಎದೆಯಲ್ಲಿ ಹಾಲು ಬಂದಿತ್ತು ಎನ್ನುವವರೂ ಇದ್ದಾರೆ. ನಾನು ನೋಡಿಲ್ಲ, ಹೇಳುತ್ತಾರೆ.

ಗಾಡಿಯಿಂದ ಇಳಿದ ಮಕ್ಕಳ ತಲೆ ಬೋಳಿಸುತ್ತಿದ್ದರು. ರೋಗ ಹರಡೀತೆಂದು ಮೈಮೇಲಿನ ಚಿಂದಿಯನ್ನೆಲ್ಲ ಸುಡುತ್ತಿದ್ದರು. ದೀಕ್ಷಾಸ್ನಾನ ಕೊಟ್ಟು ಹೊಸ ಹೆಸರಿಡುತ್ತಿದ್ದರು. ಚರ್ಚಿನ ದಪ್ಪ ಪುಸ್ತಕದಲ್ಲಿ ಹೊಸ ಹೆಸರಿನ ಮುಂದೆ ಊರು ತಿಳಿಯದು, ತಾಯಿ ತಿಳಿಯದು ಎಂದು ಬರೆದು ಮುಗಿಸುತ್ತಿದ್ದರು. ಎಲ್ಲವನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಇಲ್ಲ ಎನ್ನಲಾರೆ. ಆದರೆ ಆ ಮಕ್ಕಳು ಯಾರ ಮಕ್ಕಳು ಎನ್ನುವ ಗುರುತು ಆ ಬೆಂಕಿಯಲ್ಲೇ ಹೋಯಿತು.

ಲೇಯವ್ವನಿಗೆ ಓದಲು ಬರುತ್ತಿರಲಿಲ್ಲ. ಅವಳ ಪುಸ್ತಕ ಅವಳ ಬಾಯಿ. ಐತವಾರ ಆರಾಧನೆ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ತಲೆಗೂ ಕುಸುಬೆ ಎಣ್ಣೆ ಹಚ್ಚುತ್ತ, ಆ ಮಗುವಿಗೆ ಅದರ ತಾಯಿಯ ಮಾತು ಹೇಳುತ್ತಿದ್ದಳಂತೆ. ನಿಮ್ಮವ್ವನ ಹಣೆಯ ಮೇಲೆ ಮೂರು ಚುಕ್ಕಿ ಹಚ್ಚೆ ಇತ್ತು. ನಿಮ್ಮವ್ವ ಹಸಿರು ಬಳೆ ಬಿಟ್ಟು ಬೇರೆ ತೊಡುತ್ತಿರಲಿಲ್ಲ. ನಿಮ್ಮವ್ವ ಬೀಸುವಾಗ ಹಾಡಿದರೆ ಓಣಿಯೇ ನಿಂತು ಕೇಳುತ್ತಿತ್ತು. ಒಂದು ವಾರ ತಪ್ಪಲಿಲ್ಲ, ಒಂದು ಮಗುವಿನ ಮಾತು ಇನ್ನೊಂದಕ್ಕೆ ಹೋಗಲಿಲ್ಲ. ಹಾಗಾಗಿ ಪುಸ್ತಕದಲ್ಲಿ ತಾಯಿ ಇಲ್ಲದ ಮಕ್ಕಳಿಗೆ ಲೇಯವ್ವನ ಬಾಯಲ್ಲಿ ತಾಯಿ ಇದ್ದಳು.

ಮೊದಲನೇ ಬರದಲ್ಲಿ ಎಳೆಗೂಸಾಗಿ ಬಂದವನು ಸೀಲಪ್ಪ. ಬೆಳೆದು ನೇಯ್ಗೆಯಲ್ಲಿ ಹೆಸರು ಮಾಡಿ, ಸಭೆಯ ಹಿರಿಯನಾದ. ಅವನ ತಾಯಿಯ ಕತೆ ಎಲ್ಲರದಕ್ಕಿಂತ ಚೆಂದದ್ದು ಎಂದು ಹೇಳುತ್ತಾರೆ. ಅವಳ ಹೆಸರು ನೀಲವ್ವ. ತನ್ನ ಪಾಲಿನ ರೊಟ್ಟಿ ಮುರಿದು ಕಂಡವರಿಗೆ ಕೊಟ್ಟೇ ತಾನು ತಿನ್ನುವವಳು, ಸಿಟ್ಟು ಬಂದರೆ ಮಾತಾಡದೆ ಅಂಗಳ ಗುಡಿಸುವವಳು. ಸೀಲಪ್ಪ ತನ್ನ ಮೊದಲ ಮಗಳಿಗೆ ನೀಲವ್ವ ಎಂದೇ ಹೆಸರಿಟ್ಟ. ರೊಟ್ಟಿ ಮುರಿದಾಗಲೆಲ್ಲ ಮೊದಲ ತುಂಡನ್ನು ಬೇರೆಯವರಿಗೆ ಕೊಡುತ್ತಿದ್ದ. ನಮ್ಮವ್ವ ಹೀಗೆ ಮಾಡುತ್ತಿದ್ದಳು ಎನ್ನುತ್ತಿದ್ದ.

ಇಪ್ಪತ್ತು ವರ್ಷದ ಮೇಲೆ ಎರಡನೇ ಬರ ಬಂತು. ಮತ್ತೆ ಗಾಡಿಗಳು ಬಂದವು. ಆಗ ಮಕ್ಕಳನ್ನು ಇಳಿಸಿಕೊಳ್ಳಲು ನಿಂತವನು ಇದೇ ಸೀಲಪ್ಪ. ಒಂದು ಗಾಡಿಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ತೊಡೆಯ ಮೇಲೆ ಎಳೆಗೂಸನ್ನು ಇಟ್ಟುಕೊಂಡು ಕೂತಿದ್ದ. ಕೂಸನ್ನು ಬಿಡಿಸಿಕೊಳ್ಳಲು ಹೋದರೆ ಕಚ್ಚಿದನಂತೆ. ಇಬ್ಬರನ್ನೂ ಒಟ್ಟಿಗೇ ಎತ್ತಿ ಇಳಿಸಿದರು. ಹುಡುಗನಿಗೆ ಹನೋಕ ಎಂದು ಹೆಸರಾಯಿತು, ಕೂಸಿಗೆ ತಬಿತ ಎಂದು. ಹುಡುಗರ ಮನೆ ಬೇರೆ, ಹುಡುಗಿಯರ ಮನೆ ಬೇರೆ, ಇಬ್ಬರೂ ಬೇರೆ ಬೇರೆಯಾಗಿಯೇ ಬೆಳೆದರು. ಬೆಳೆದು ಇಬ್ಬರೂ ಮನಸ್ಸು ಮಾಡಿದರು. ಚರ್ಚಿನ ಅಯ್ಯನವರ ಮುಂದೆ ಬಂದು ಮದುವೆ ಮಾಡಿಸಿ ಎಂದು ಕೇಳಿದರು.

ನಮ್ಮಲ್ಲಿ ಮದುವೆ ಎಂದರೆ ಮೂರು ಐತವಾರ ಪ್ರಕಟಣೆ ಆಗಬೇಕು, ಅದು ನಿಮಗೆ ಗೊತ್ತೇ ಇದೆ. ಇಂಥವನಿಗೂ ಇಂಥವಳಿಗೂ ವಿವಾಹ, ಇದಕ್ಕೆ ಅಡ್ಡಿ ಇರುವವರು ಈಗಲೇ ಹೇಳಬೇಕು ಎಂದು ಅಯ್ಯನವರು ಓದುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಹೆಂಗಸರ ಕಡೆಯಿಂದ ನಾಲ್ಕು ನಗು ಕೇಳಿಸುತ್ತದೆ ಅಷ್ಟೆ. ಮೊದಲನೇ ಐತವಾರ ಹಾಗೆಯೇ ಆಯಿತು. ಎರಡನೇ ಐತವಾರ ಅಯ್ಯನವರು ಓದಿ ಮುಗಿಸಿದರು, ಗಂಡಸರ ಕಡೆಯಿಂದ ಸೀಲಪ್ಪ ಎದ್ದು ನಿಂತ.

ಅವನು ಕೆಟ್ಟವನಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಈಚೆಗೆ ಕೆಲವರು ಅವನನ್ನು ಕೆಟ್ಟವನನ್ನಾಗಿ ಮಾಡಿ ಕತೆ ಹೇಳುತ್ತಾರೆ. ಅವನು ಪಾಪಕ್ಕೆ ಹೆದರುವವನು. ಮೊದಲ ಪ್ರಕಟಣೆ ಕೇಳಿದಂದಿನಿಂದ ಅನ್ನ ಸೇರದೆ ಯೋಚಿಸಿ ಎದ್ದಿದ್ದನಂತೆ. ಇವರಿಬ್ಬರನ್ನೂ ಗಾಡಿಯಿಂದ ಇಳಿಸಿದವನು ನಾನು, ಹುಡುಗನ ತೊಡೆಯ ಮೇಲೆ ಆ ಹುಡುಗಿ ಇದ್ದಳು, ಇವರು ಅಣ್ಣತಂಗಿ ಅಲ್ಲವೆಂದು ಯಾರಾದರೂ ಪ್ರಮಾಣ ಮಾಡಿ ಹೇಳಲಿ ಎಂದ. ತಬಿತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಯ್ಯನವರು ಲೇಯವ್ವನ ಕಡೆ ನೋಡಿದರು. ಇಬ್ಬರಿಗೂ ಬೇರೆ ಬೇರೆ ತಾಯಿ ಎಂದು ಅವಳೇ ಅಲ್ಲವೇ ಇಷ್ಟು ವರ್ಷ ಹೇಳಿದ್ದು? ಆದರೆ ಸೀಲಪ್ಪ ಇನ್ನೊಂದು ಮಾತು ಹೇಳಿದ. ಲೇಯವ್ವ ನಮ್ಮನ್ನೆಲ್ಲ ಸಾಕಿದ ತಾಯಿ, ಅಳುವ ಮಗುವನ್ನು ಸುಮ್ಮನಾಗಿಸಲು ತಾಯಿ ಏನು ಬೇಕಾದರೂ ಹೇಳಿಯಾಳು, ಅದಕ್ಕೇ ಅವಳು ವೇದಪುಸ್ತಕದ ಮೇಲೆ ಕೈಯಿಟ್ಟು, ತಾನು ಮಕ್ಕಳಿಗೆ ಹೇಳಿದ್ದೆಲ್ಲ ನಿಜ ಎಂದು ಹೇಳಲಿ, ಒಂದು ಸುಳ್ಳಾದರೂ ಎಲ್ಲ ಸುಳ್ಳೇ ಎಂದ. ಅಯ್ಯನವರು ಮೂರನೇ ಐತವಾರಕ್ಕೆ ಗಡುವು ಕೊಟ್ಟರು. ಅಂದು ಅವಳು ಪ್ರಮಾಣ ಮಾಡಿದರೆ ಮದುವೆ, ಇಲ್ಲದಿದ್ದರೆ ಇಲ್ಲ.

ಆ ವಾರ ಊರಲ್ಲಿ ಮಗ್ಗದ ಸದ್ದೇ ಇರಲಿಲ್ಲವಂತೆ. ಹನೋಕ ಕೆರೆಯ ಏರಿಯ ಮೇಲೆ ಹೋಗಿ ಕೂತವನು ಕರೆದರೂ ಮನೆಗೆ ಬರಲಿಲ್ಲ. ತಬಿತ ಅವನನ್ನು ನೆನೆಸಿದರೂ ಪಾಪ, ನೆನೆಸದಿದ್ದರೂ ಸಂಕಟ ಎಂದು ಒದ್ದಾಡಿದಳು. ಎರಡು ಬರದ ಮಕ್ಕಳೆಲ್ಲ ದೊಡ್ಡವರಾಗಿದ್ದರು, ಕೆಲವರಿಗೆ ಮೊಮ್ಮಕ್ಕಳಾಗುವ ವಯಸ್ಸು. ಅವರು ಒಬ್ಬೊಬ್ಬರಾಗಿ ಲೇಯವ್ವನ ಬಾಗಿಲಿಗೆ ಬಂದರು. ತಬಿತಳ ಗತಿ ಏನು ಎಂದು ಕೇಳಲು ಬಂದರು ಅಂದುಕೊಂಡಿರಾ? ಇಲ್ಲ. ಯವ್ವಾ, ನಂದು ಖರೇ ಹೌದಿಲ್ಲೋ ಎಂದು ಪಿಸುಗುಟ್ಟಲು ಬಂದರು. ಲೇಯವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟಳು, ಐತವಾರ ಬರಲಿ ಎಂದಳು, ಬೇರೆ ಮಾತಾಡಲಿಲ್ಲ.

ಯಾಕೆಂದರೆ ಅವಳಿಗೆ ಗೊತ್ತಿತ್ತು. ಅವಳು ಹೇಳಿದ್ದೆಲ್ಲ ನಿಜವಲ್ಲ. ಮಾತು ಬರುವ ಮಕ್ಕಳು ಹೇಳಿದ್ದನ್ನು ಅವಳು ಕಾಪಾಡಿದ್ದಳು. ಅವಳ ಕೈಯಲ್ಲೇ ಜೀವ ಬಿಟ್ಟ ತಾಯಂದಿರನ್ನು ಕಣ್ಣಾರೆ ಕಂಡಿದ್ದಳು. ಆದರೆ ಕೆಲವು ಕೂಸುಗಳು ಹಿಂದೆಮುಂದೆ ಯಾರೂ ಇಲ್ಲದೆ ಬಂದಿದ್ದವು, ಅವುಗಳಿಗೆ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಪಕ್ಕದ ಮಗುವಿಗೆ ಅವ್ವ ಇದ್ದು ಇದಕ್ಕೆ ಇಲ್ಲವೆಂದರೆ ಹೇಗೆ? ಹಾಗಾಗಿ ಕಟ್ಟಿ ಹೇಳಿದ್ದಳು. ಈಗ ಎಲ್ಲ ನಿಜ ಎಂದು ಪ್ರಮಾಣ ಮಾಡಿದರೆ ದೇವರ ಮುಂದೆ ಸುಳ್ಳು. ಕೆಲವು ಸುಳ್ಳು ಎಂದರೆ ತಬಿತಳ ಮದುವೆಯೂ ಹೋಯಿತು, ಇಷ್ಟು ವರ್ಷ ಕಾಪಾಡಿದ ಅವ್ವಂದಿರೂ ಹೋದರು.

ಮೂರನೇ ಐತವಾರ ಬಂತು. ಅಂದು ಕೀರ್ತನೆ ಹಾಡುವಾಗ ಯಾರ ಸ್ವರವೂ ಮೇಲೇಳಲಿಲ್ಲ. ಅಯ್ಯನವರು ಪ್ರಕಟಣೆ ಓದಿ, ವೇದಪುಸ್ತಕವನ್ನು ಮೇಜಿನ ಅಂಚಿಗೆ ಸರಿಸಿ ನಿಂತರು. ಹೆಂಗಸರ ಕಡೆ ಕೊನೆಯ ಚಾಪೆಯಿಂದ ಲೇಯವ್ವ ಎದ್ದಳು. ಬೆನ್ನು ಬಾಗಿತ್ತು, ಒಂದು ಕಾಲು ಎಳೆಯುತ್ತಿತ್ತು. ಕೈ ಕೊಡಲು ಹೋದವರನ್ನು ಬೇಡ ಎಂದಳು. ಅವಳು ಆ ಮೇಜಿನವರೆಗೆ ನಡೆದ ಹೊತ್ತಿನಲ್ಲಿ ಒಂದು ಕೂಸು ಕೂಡ ಅಳಲಿಲ್ಲ ಎಂದು ಹೇಳುತ್ತಾರೆ. ಕೂಸುಗಳ ಮಾತು ಬಿಡಿ, ದೊಡ್ಡವರು ಉಸಿರಾಡಲಿಲ್ಲ ಎಂದರೆ ನಾನು ನಂಬುತ್ತೇನೆ.

ಪುಸ್ತಕದ ಮೇಲೆ ಕೈಯಿಟ್ಟು ಅವಳು ಮೊದಲು ಹನೋಕನ ಮಾತು ಹೇಳಿದಳು. ಅವನ ತಾಯಿ ಗಾಡಿ ಹತ್ತಲೇ ಇಲ್ಲ. ನಡೆಯಲಾಗದ ಅತ್ತೆಯನ್ನು ಬಿಟ್ಟು ಬರಲಾರದೆ ಮಗನೊಬ್ಬನನ್ನೇ ಹತ್ತಿಸಿ ಹೊಸ್ತಿಲಲ್ಲಿ ನಿಂತಳು. ನಾಲ್ಕು ವರ್ಷದ ಹುಡುಗ ತಾನೇ ಬಾಯಿಬಿಟ್ಟು ಹೇಳಿದ್ದು ಇದು. ತಬಿತಳ ತಾಯಿ ಗಾಡಿಯಲ್ಲೇ ಇದ್ದಳು. ಕೂಸನ್ನು ಹಿಡಿಯಲು ಕೈಯಲ್ಲಿ ಕಸುವಿಲ್ಲದೆ, ಪಕ್ಕದಲ್ಲಿ ಕೂತ ಹುಡುಗನಿಗೆ ಇಟ್ಟುಕೋ ಎಂದು ಕೊಟ್ಟಳು. ಸೀಲಪ್ಪ ಆ ಮಕ್ಕಳನ್ನು ಹಿಂದಿನಿಂದ ಇಳಿಸುವಾಗ ನಾವು ಹೆಂಗಸರು ಅವಳನ್ನು ಮುಂದಿನಿಂದ ಇಳಿಸಿದೆವು. ನನ್ನ ತೊಡೆಯ ಮೇಲೆ ತಲೆಯಿಟ್ಟು ಇಷ್ಟು ಹೇಳಿ ಹೋದಳು. ಇದು ಖರೆ, ಎಂದಳು.

ಆಮೇಲೂ ಕೈ ತೆಗೆಯಲಿಲ್ಲ. ಎಲ್ಲಾನೂ ಖರೆ ಅಂತ ನಾ ಹೇಳಾಂಗಿಲ್ಲ, ಒಂಬತ್ತು ಮಂದಿಗೆ ಕಟ್ಟಿ ಹೇಳೀನಿ ಎಂದಳು.

ಚರ್ಚಿನಲ್ಲಿ ಗದ್ದಲವೆದ್ದಿತು. ಯಾವ ಒಂಬತ್ತು, ಯಾರು ಯಾರು ಎಂದು ಗಂಡಸರೂ ಎದ್ದರು, ಹೆಂಗಸರೂ ಎದ್ದರು. ಇಲ್ಲಿ ಹೆಸರು ಹೇಳುವುದಿಲ್ಲ, ತಿಳಿಯಬೇಕು ಎನ್ನುವವರು ಮನೆಗೆ ಬಂದು ಕೇಳಲಿ, ಮುಚ್ಚಿಡುವುದಿಲ್ಲ ಎಂದಳು ಲೇಯವ್ವ. ಸೀಲಪ್ಪ ಮಾತ್ರ ಎದ್ದವನು ಮುಂದೆ ಬಂದ.

“ಯವ್ವಾ, ಇಲ್ಲೇ ಹೇಳು. ನಂದೂ ಕಟ್ಟಿದ್ದೇನು?”

ಅವಳು ಇಲ್ಲ ಎಂದಿದ್ದರೆ ಅವನಿಗೆ ಸಾಯುವವರೆಗೂ ಗೊತ್ತಾಗುತ್ತಿರಲಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿ. ಅವಳ ಕೈ ಇನ್ನೂ ಪುಸ್ತಕದ ಮೇಲಿತ್ತು.

“ಹೌದೋ ಯಪ್ಪಾ. ನೀ ಹಾದ್ಯಾಗ ಜಾಲಿಗಿಡದ ಬುಡಕ ಒಬ್ಬನೇ ಸಿಕ್ಕಿದ್ದಿ. ಗಾಡಿ ಹೊಡಿಯಾಂವ ಎತ್ತಿ ತಂದಾ.”

ಸೀಲಪ್ಪನ ಮಗಳು ಚಿಕ್ಕ ನೀಲವ್ವ ಹೆಂಗಸರ ಕಡೆಯಿಂದ ಅಪ್ಪಾ ಎಂದು ಕರೆದಳಂತೆ, ಅವನಿಗೆ ಕೇಳಿಸಲಿಲ್ಲ.

“ಹಂಗಾರ ನೀಲವ್ವ ಯಾರು?”

“ನಮ್ಮವ್ವ. ನಿನಗ ಕೊಡಾಕ ನನ್ನ ಹಂತ್ಯಾಕ ಬ್ಯಾರೆ ಯಾರೂ ಇರಲಿಲ್ಲೋ.”

ಒಂಬತ್ತು ಕೂಸುಗಳಿಗೆ ಅವಳು ಹಂಚಿದ್ದು ತನ್ನ ಮನೆಯವರನ್ನೇ. ಸತ್ತ ಅಕ್ಕನನ್ನು ಒಂದಕ್ಕೆ, ಚಿಕ್ಕವ್ವನನ್ನು ಒಂದಕ್ಕೆ, ಅತ್ತಿಗೆಯನ್ನು ಒಂದಕ್ಕೆ. ಮೊಟ್ಟಮೊದಲು ಬಂದ ಕೂಸಿಗೆ ತನ್ನ ಅವ್ವನನ್ನು. ಕೊಟ್ಟ ಮೇಲೆ ನಮ್ಮವ್ವ ಎಂದು ತಾನು ಒಮ್ಮೆಯೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಎಲ್ಲಿ ಮಗುವಿಗೆ ತಿಳಿದೀತೋ ಎಂದು. ಇದನ್ನು ಹೇಳುವಾಗ ನಮ್ಮಜ್ಜಿ ಪ್ರತಿ ಸಲವೂ ಅಳುತ್ತಿದ್ದಳು.

ಸೀಲಪ್ಪ ಸಭೆಯ ಕಡೆ ತಿರುಗಿದ. ನನ್ನ ಅಡ್ಡಿಯನ್ನು ಹಿಂತೆಗೆದುಕೊಂಡಿದ್ದೇನೆ ಎಂದ. ಒಂದು ಸುಳ್ಳಾದರೂ ಎಲ್ಲ ಸುಳ್ಳೇ ಎಂದಿದ್ದೆ, ಆ ಮಾತು ತಪ್ಪು, ನನ್ನ ಮುಖ ನೋಡಿ ಇದನ್ನು ಹೇಳಿದವಳು ಆ ಹುಡುಗಿಯ ಮಾತಿನಲ್ಲಿ ಸುಳ್ಳಾಡಲಾರಳು ಎಂದ. ಆಮೇಲೆ ಲೇಯವ್ವನನ್ನು ಕೈಹಿಡಿದು ಅವಳ ಚಾಪೆಯವರೆಗೆ ಕರೆದುಕೊಂಡು ಹೋದ. ಈ ಸಲ ಅವಳು ಬೇಡ ಎನ್ನಲಿಲ್ಲ. ಹದಿನೈದು ದಿನದಲ್ಲಿ ಹನೋಕ ತಬಿತರ ಮದುವೆಯಾಯಿತು, ಎಲೆಗೆ ಮೊದಲು ಹುಗ್ಗಿ ಬಡಿಸಿದವನು ಸೀಲಪ್ಪ.

ಉಳಿದ ಎಂಟು ಮಂದಿ ಯಾರು ಎಂದು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಗೊತ್ತಿಲ್ಲ. ಯಾರೂ ಹೋಗಿ ಕೇಳಲಿಲ್ಲವಂತೆ. ನನ್ನ ಗಂಡನ ಮುತ್ತಜ್ಜ ಮಾತ್ರ ಒಂದು ದಿನ ಧೈರ್ಯ ಮಾಡಿ ಅವಳ ಬಾಗಿಲಿನವರೆಗೂ ಹೋಗಿ, ಎರಡು ಲೋಟ ಮಜ್ಜಿಗೆ ಕುಡಿದು, ಈ ವರ್ಷ ಬಿಸಿಲು ಜಾಸ್ತಿ ಎಂದು ಹೇಳಿ ವಾಪಸು ಬಂದನಂತೆ.

ಮರುವರ್ಷ ಸಂತೆಯಲ್ಲಿ ಯಾರೋ ಬಿಟ್ಟುಹೋದ ಒಂದು ಹೆಣ್ಣುಕೂಸಿಗೆ ದೀಕ್ಷಾಸ್ನಾನ. ಅಯ್ಯನವರು ಹೆಸರು ಬರೆದು, ತಾಯಿ ತಿಳಿಯದು ಎಂದು ಬರೆಯಲು ಲೇಖನಿ ಎತ್ತಿದರು. ಅಷ್ಟರಲ್ಲಿ ಸೀಲಪ್ಪ ಎದ್ದ. ತಡೀರಿ ಅಯ್ಯಾರ, ಇಕೀಗೆ ನಮ್ಮವ್ವನ್ನ ಕೊಟ್ಟೀನಿ, ನೀಲವ್ವ ಅಂತ ಬರೀರಿ ಎಂದ. ಲೇಯವ್ವ ಆಗ ಇನ್ನೂ ಬದುಕಿದ್ದಳು, ಕೊನೆಯ ಚಾಪೆಯ ಮೇಲೆ ಕೂತು ಅದನ್ನು ಕೇಳಿದಳು ಎಂದು ಹೇಳುತ್ತಾರೆ.

ಅಂದಿನಿಂದ ಈ ಚರ್ಚಿನ ಪುಸ್ತಕದಲ್ಲಿ ತಾಯಿ ತಿಳಿಯದು ಎಂದು ಯಾರ ಹೆಸರಿನ ಮುಂದೆಯೂ ಬರೆದಿಲ್ಲ. ಹಿಂದುಮುಂದು ತಿಳಿಯದ ಕೂಸು ಬರಲಿ, ಮನೆಯವರು ಹೊರಹಾಕಿದ ದೊಡ್ಡ ಆಳೇ ಬರಲಿ, ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಮ್ಮವ್ವನ್ನ ಕೊಟ್ಟೀನಿ ಎಂದು ಹೆಸರು ಹೇಳುತ್ತಾರೆ. ಹೇಳಿದ ಮೇಲೆ ಐತವಾರ ಐತವಾರ ಆ ಅವ್ವನ ವಿಷಯ ಅವರಿಗೆ ಹೇಳಬೇಕು, ತಪ್ಪಿಸುವಂತಿಲ್ಲ. ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಸಿಕ್ಕ ಆ ಕೂಸು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದಿರಿ, ಮಂಡಿ ನೋವಿನ ನಾನೇ ಏಳಬೇಕಾಯಿತು. ನಮ್ಮವ್ವ ಸುಗಂಧವ್ವ ದೊಡ್ಡ ಜಗಳಗಂಟಿ. ಅವಳ ಬಾಯಿಗೆ ಹೆದರಿ ನೀರು ತರುವವರು ಬೇರೆ ದಾರಿ ಹಿಡಿಯುತ್ತಿದ್ದರು, ನನ್ನನ್ನೂ ಹೊಡೆದಿದ್ದಾಳೆ. ಆದರೂ ನನ್ನ ಹತ್ತಿರ ಇದ್ದ ಅವ್ವ ಅವಳೇ, ಕೊಟ್ಟುಬಿಟ್ಟೆ. ಈಗ ಆ ಕೂಸಿಗೆ ಮಾತು ತಿಳಿಯುವ ಹೊತ್ತಿಗೆ ಅವಳ ಬಗ್ಗೆ ಒಳ್ಳೆಯದು ನಾಲ್ಕಾದರೂ ನೆನಪು ಮಾಡಿಕೊಳ್ಳಬೇಕು ಎಂದು ದಿನಾ ಕೂತು ಯೋಚಿಸುತ್ತಿದ್ದೇನೆ, ಇಲ್ಲಿಯವರೆಗೆ ಹನ್ನೊಂದು ಸಿಕ್ಕಿವೆ.